ಕಣ್ಣಿನ ವೇಗ, ರೆಕ್ಕೆಯ ವೇಗ

ಕಾರವಾರದ ಟ್ಯಾಗೋರ್ ಕಡಲ ತೀರದಲ್ಲಿ ಮಧ್ಯಾಹ್ನ ಕಳೆಯುತ್ತಿದ್ದಂತೆ ಪಡುವಣ ಗಾಳಿ ಬಲಿಯುತ್ತದೆ. ಕಾಳಿ ನದಿಯ ಅಳಿವೆಯ ಮೇಲೆ ಗರುಡ ಪಕ್ಷಿಯೊಂದು ಆ ಗಾಳಿಗೆ ಎದೆಯೊಡ್ಡಿ ನಿಂತಲ್ಲೇ ತೇಲುತ್ತಿರುತ್ತದೆ. ನೆಲದಿಂದ ನೋಡುವ ನಮಗೆ ಅದರ ವೇಗ ಸೊನ್ನೆ. ಆದರೆ ಅದರ ರೆಕ್ಕೆಯ ಮೇಲೆ ಗಾಳಿ ಭರದಿಂದ ಹರಿಯುತ್ತಲೇ ಇದೆ. 2020ರಲ್ಲಿ ಇದೇ ತೀರದಲ್ಲಿ ಮೋಟಾರು ಪ್ಯಾರಾಗ್ಲೈಡರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. ಹಗುರ ವಿಮಾನಗಳು ಹಿಡಿತ ತಪ್ಪುವುದೇಕೆ ಎಂಬ ಪ್ರಶ್ನೆ ಆಗಿನಿಂದ ನನ್ನನ್ನು ಬಿಟ್ಟಿಲ್ಲ.

ಇವುಗಳಲ್ಲಿ ಟ್ರೈಕ್ ಎಂಬುದು ವಿಶಿಷ್ಟ. ಬಟ್ಟೆಯ ತ್ರಿಕೋನ ರೆಕ್ಕೆ, ಅದಕ್ಕೆ ತೂಗುಬಿದ್ದ ಮೂರು ಗಾಲಿಯ ತೊಟ್ಟಿಲು, ಬೆನ್ನ ಹಿಂದೆ ಎಂಜಿನ್. ಬಾಲವೇ ಇಲ್ಲ. ಪಾತಿ ದೋಣಿಯಲ್ಲಿ ಕುಳಿತವನು ಮೈ ವಾಲಿಸಿದರೆ ದೋಣಿಯೂ ವಾಲುತ್ತದಲ್ಲ, ಇಲ್ಲಿಯೂ ತೂಕ ಸರಿಸುವುದೇ ಚಾಲನೆ. ಎದುರಿನ ಕಂಬಿಯನ್ನು ದೂಡಿದರೆ ಮೂತಿ ಏರಿ ವೇಗ ಇಳಿಯುತ್ತದೆ; ಎದೆಗೆ ಎಳೆದುಕೊಂಡರೆ ಮೂತಿ ತಗ್ಗಿ ವೇಗ ಹೆಚ್ಚುತ್ತದೆ. ಸಾಮಾನ್ಯ ವಿಮಾನದ ಕೋಲಿಗೆ ಇದು ತದ್ವಿರುದ್ಧ. ಅದರಲ್ಲಿ ಪಳಗಿದ ಕೈ ಗಾಬರಿಯಲ್ಲಿ ಹಳೆಯ ಅಭ್ಯಾಸಕ್ಕೇ ಮರಳಬಹುದು.

ರೆಕ್ಕೆ ಎದುರು ಗಾಳಿಗೆ ಸುಮಾರು 15 ಡಿಗ್ರಿಗಿಂತ ಹೆಚ್ಚು ಓರೆಯಾದರೆ, ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ನೇರ ಹಾರಾಟದಲ್ಲಿ 50 ಕಿ.ಮೀ. ವೇಗಕ್ಕೆ ಸ್ಟಾಲ್ ಆಗುವ ಟ್ರೈಕ್ ಒಂದನ್ನು ಊಹಿಸಿಕೊಳ್ಳೋಣ. ಅದು ಸಮುದ್ರದತ್ತ ಮುಖ ಮಾಡಿ ಏರುತ್ತಿರುವಾಗ ಎಂಜಿನ್ ನಿಲ್ಲುತ್ತದೆ. ತೂಕ ಕಡಿಮೆ, ಗಾಳಿಯ ತಡೆ ಹೆಚ್ಚು. ಹಾಗಾಗಿ ವೇಗ ಕ್ಷಣಗಳಲ್ಲಿ ಇಳಿಯುತ್ತದೆ. ಮುಂದೆ ನೀರು, ಹಿಂದೆ ಮರಳು. ಯಾರಿಗಾದರೂ ದಡಕ್ಕೆ ತಿರುಗಬೇಕೆನಿಸುತ್ತದೆ. 45 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆ ಹೊರಬೇಕಾದ ಭಾರ ಹೆಚ್ಚಿ, 60 ಕಿ.ಮೀ. ವೇಗದಲ್ಲೇ ಸ್ಟಾಲ್ ಕಾದಿರುತ್ತದೆ. ಅಷ್ಟರಲ್ಲಿ 20 ಕಿ.ಮೀ. ವೇಗದ ಕಡಲ ಗಾಳಿ ಬೆನ್ನಿಗೆ ಬಂದಿದೆ. ದಡದ ಗಾಳಿಮರಗಳು 80 ಕಿ.ಮೀ. ವೇಗದಲ್ಲಿ ಧಾವಿಸಿ ಬರುವಂತೆ ಕಾಣುತ್ತವೆ. ವೇಗ ಅತಿಯಾಯಿತೆಂದು ಪೈಲಟ್ ಕಂಬಿಯನ್ನು ಕೊಂಚ ದೂಡುತ್ತಾನೆ. ಕಣ್ಣಿಗೆ 80, ರೆಕ್ಕೆಗೆ 60. ಅಲ್ಲಿಗೆ ಹಿಡಿತ ತಪ್ಪುತ್ತದೆ. ನೇರ ಮುಂದಕ್ಕೆ ಹೋಗಿ ಮೂತಿ ತಗ್ಗಿಸಿ ನೀರಿಗಿಳಿದಿದ್ದರೆ ಬದುಕುವ ಸಾಧ್ಯತೆ ಹೆಚ್ಚಿರುತ್ತಿತ್ತು ಎಂಬುದೇ ಇಲ್ಲಿ ಎದೆ ಹಿಂಡುವ ಸಂಗತಿ.

ಎತ್ತರದಲ್ಲಿ ಇನ್ನೊಂದು ಅಪಾಯವಿದೆ. ಮೂತಿಯನ್ನು ಕಡಿದಾಗಿ ಮೇಲೆತ್ತಿ ವೇಗ ಪೂರ್ತಿ ಬತ್ತಿದರೆ ಟ್ರೈಕ್ ಹಿಂದಕ್ಕೆ ಜಾರುತ್ತದೆ, ಮರುಕ್ಷಣ ಮೂತಿ ಕೆಳಗಾಗಿ ಲಾಗ ಹೊಡೆಯುತ್ತದೆ. ತಡೆಯಲು ಬಾಲವಿಲ್ಲ. ಒಮ್ಮೆ ಉರುಳತೊಡಗಿದರೆ ಕಂಬಿಯಿಂದ ನಿಲ್ಲಿಸಲಾಗದು, ರೆಕ್ಕೆಯೇ ಮುರಿಯಬಹುದು. ಇಡೀ ವಿಮಾನವನ್ನು ಹೊರುವ ರಕ್ಷಣಾ ಪ್ಯಾರಾಚೂಟ್ ಇದ್ದರಷ್ಟೇ ಆಸೆ.

ತೂಕ ಸರಿಸಿ ಹಾರುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಜರ್ಮನಿಯ ಒಟ್ಟೊ ಲಿಲಿಯೆಂತಾಲ್ ಮೊದಲಿಗರು. 1896ರ ಆಗಸ್ಟ್ 9ರಂದು ಅವರ ಗ್ಲೈಡರ್ ಗಾಳಿಯಲ್ಲೇ ಸ್ಟಾಲ್ ಆಯಿತು. ತೋಳುಗಳು ಚೌಕಟ್ಟಿನಲ್ಲಿ ಸೇರಿಕೊಂಡಿದ್ದರಿಂದ ಅವರು ಸರಿಸಬಹುದಾಗಿದ್ದದ್ದು ಸೊಂಟ ಮತ್ತು ಕಾಲುಗಳನ್ನಷ್ಟೇ. ಸುಮಾರು 15 ಮೀಟರ್ ಎತ್ತರದಿಂದ ಬಿದ್ದು ಮರುದಿನ ತೀರಿಕೊಂಡರು. ಇಂದಿನ ಟ್ರೈಕ್‌ನಲ್ಲಿ ಇಡೀ ತೊಟ್ಟಿಲೇ ಸರಿಯುತ್ತದೆ. ಆದರೆ ಸ್ಟಾಲ್‌ನಿಂದ ಚೇತರಿಸಿಕೊಳ್ಳಲು ಆ 15 ಮೀಟರ್ ಇಂದಿಗೂ ಸಾಲದು.