ಮೊದಲು ಬರಹ ಕೊಡಿ, ಆಮೇಲೆ ಡಿಸೈನ್ ಕೇಳಿ

‘ಮೇಡಂ, ಸೇಮ್ ಇದೇ ತರಹ ಬೇಕು’ ಎಂದು ವೆಬ್‌ಸೈಟ್ ಮಾಡಿಸಲು ಬಂದವರು ಮೊಬೈಲ್ ನನ್ನ ಕಡೆ ತಿರುಗಿಸುತ್ತಾರೆ. ಅದರಲ್ಲಿ ಯಾವುದೋ ವಿದೇಶಿ ಕಂಪನಿಯ ಸೈಟ್ ಇರುತ್ತದೆ. ಚೆನ್ನಾಗಿಯೂ ಇರುತ್ತದೆ. ‘ನಿಮ್ಮ ಬರಹ ತಂದಿದ್ದೀರಾ?’ ಎಂದು ಕೇಳುತ್ತೇನೆ. ‘ಅದನ್ನ ಆಮೇಲೆ ವಾಟ್ಸ್ಆ್ಯಪ್ ಮಾಡ್ತೀನಿ, ಮೊದಲು ಡಿಸೈನ್ ತೋರಿಸಿ.’

14 ವರ್ಷದಿಂದ ವೆಬ್‌ಸೈಟ್ ಮಾಡುತ್ತಿದ್ದೇನೆ. ಈ ಮಾತು ಕೇಳದ ತಿಂಗಳಿಲ್ಲ. ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ತಿಪಟೂರಿನ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಹೀಗೇ ಒಂದು ಸೆಂಟ್ ಕಂಪನಿಯ ಸೈಟ್ ತೋರಿಸಿದರು. ಪುಟದ ತುಂಬ ಒಂದು ಫೋಟೊ. ನಡುವೆ ಬಿಳಿ ಬಣ್ಣದಲ್ಲಿ ಒಂದೇ ಒಂದು ಇಂಗ್ಲಿಷ್ ಪದ, ಎಲ್ಲ ದೊಡ್ಡಕ್ಷರ, ಅಕ್ಷರಗಳ ನಡುವೆ ಅಗಲವಾದ ಜಾಗ. ನಾನು ಬೇಡ ಎಂದೆ. ಅವರು ಬಿಡಲಿಲ್ಲ. ಸರಿ, ಹಾಗೇ ಮಾಡಿದೆವು. ಎರಡು ವಾರದ ಮೇಲೆ ಬರಹ ಬಂತು. ತಲೆಬರಹದ ಜಾಗಕ್ಕೆ ‘ಅಟ್ಟದಲ್ಲೇ ಒಣಗಿದ ಉಂಡೆ ಕೊಬ್ಬರಿ’ ಎಂದು ಹಾಕಿದೆವು. ಅರ್ಧ ಗಂಟೆಯಲ್ಲಿ ಫೋನ್. ‘ಮೇಡಂ, ಸ್ಪೆಲಿಂಗ್ ತಪ್ಪಾಗಿದೆ.’

ತೆಗೆದು ನೋಡಿದೆ. ಅವರ ಫೋನಿನಲ್ಲಿ ಅದು ‘ಅಟದಲೇ ಒಣಗಿದ ಉಂಡೆ ಕೊಬರಿ’ ಆಗಿತ್ತು. ಸ್ಪೆಲಿಂಗ್ ಸರಿಯಾಗಿಯೇ ಇತ್ತು. ಒತ್ತಕ್ಷರಗಳು ಕತ್ತರಿಸಿ ಹೋಗಿದ್ದವು, ಅಷ್ಟೆ.

ಕಾರಣ ಸುಲಭ. ಇಂಗ್ಲಿಷ್‌ನ ದೊಡ್ಡಕ್ಷರಗಳಿಗೆ ಗೆರೆಯ ಕೆಳಗೆ ಹೆಚ್ಚುಕಡಿಮೆ ಕೆಲಸವೇ ಇಲ್ಲ. ಹಾಗಾಗಿ ಆ ಡಿಸೈನರ್ ಸಾಲಿನ ಎತ್ತರವನ್ನು ಅಕ್ಷರದಷ್ಟೇ ಇಟ್ಟು, ಹೊರಗೆ ಚಾಚಿದ್ದನ್ನು ಮರೆಮಾಡುವಂತೆ ಬರೆದಿದ್ದರು. ಅವರ ಪದಕ್ಕೆ ಅದು ಸರಿ. ಕನ್ನಡ ಬದುಕುವುದೇ ಗೆರೆಯ ಮೇಲೂ ಕೆಳಗೂ. ‘ರಾಷ್ಟ್ರ’ ಎಂದು ಬರೆದು ನೋಡಿ, ಷ ಕೆಳಗೆ ಎಷ್ಟು ಜಾಗ ಬೇಕು ಅಂತ ತಿಳಿಯುತ್ತದೆ. ನಮ್ಮಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲ, ಹಾಗಾಗಿ ಆ ಗತ್ತು ನಮಗೆ ಬರುವುದಿಲ್ಲ. ಅಕ್ಷರಗಳ ನಡುವೆ ಜಾಗ ಬಿಟ್ಟರೆ ಪದ ಚೆಲ್ಲಾಪಿಲ್ಲಿಯಾಗುತ್ತದೆ.

ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ಜನ ಇಲ್ಲೇ ತಪ್ಪು ತಿಳಿಯುವುದು. ನೀವು ಮೆಚ್ಚಿದ ಆ ಸೈಟ್ ಖಾಲಿ ಡಬ್ಬಿಯಲ್ಲ, ನಿಮ್ಮ ಸಾಮಾನು ತುಂಬಿಕೊಳ್ಳಲು. ಅದರ ಉದ್ದ, ಅಗಲ, ಬಣ್ಣ, ಜಾಗ ಎಲ್ಲ ಬಂದಿರುವುದು ಅವರು ಹೇಳಬೇಕಾದ ಮಾತಿನಿಂದ. ಅವರಿಗೆ ಹೇಳಲು ಒಂದೇ ಪದ ಇತ್ತು, ಆದ್ದರಿಂದ ಪುಟ ಖಾಲಿ ಇದೆ. ನಿಮಗೆ ದರ ಹೇಳಬೇಕು, ಎಷ್ಟು ಕೆ.ಜಿ.ಗೆ ಎಷ್ಟು ಸಾಗಣೆ ಎಂದು ಹೇಳಬೇಕು, ಫೋನ್ ನಂಬರ್ ಎದ್ದು ಕಾಣಬೇಕು. ಮಾತು ಬೇರೆಯಾದ ಮೇಲೆ ಆಕಾರ ಒಂದೇ ಆಗುವುದು ಹೇಗೆ?

ಬರಹ ಬರುವ ತನಕ ‘ಲೊರೆಮ್ ಇಪ್ಸಮ್’ ತುಂಬಿಸಿ ತೋರಿಸುವ ಅಭ್ಯಾಸ ನಮ್ಮ ಕಸುಬಿನಲ್ಲೇ ಇದೆ. ಅದು ಪ್ರಾಚೀನ ರೋಮ್‌ನ ಲೇಖಕ ಸಿಸೆರೋನ ಲ್ಯಾಟಿನ್ ಬರಹವನ್ನು ಕತ್ತರಿಸಿ, ಕಲಸಿ ಮಾಡಿದ ಅರ್ಥವಿಲ್ಲದ ಪಠ್ಯ. ಅದರಲ್ಲಿ ಒಂದು ಒತ್ತೂ ಇಲ್ಲ. ಅದನ್ನು ನೋಡಿ ಕನ್ನಡ ಪುಟಕ್ಕೆ ಒಪ್ಪಿಗೆ ಕೊಟ್ಟರೆ ಕೊನೆಗೆ ಅಟ್ಟ ‘ಅಟ’ವೇ ಆಗುತ್ತದೆ.

ಚಿಕ್ಕವಳಿದ್ದಾಗ ನಮ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರ ಬೋರ್ಡ್ ಬರೆಯುವ ಪೇಂಟರ್ ಒಬ್ಬರಿದ್ದರು. ಶಾಲೆ ಬಿಟ್ಟ ಮೇಲೆ ಅಲ್ಲೇ ನಿಂತು ನೋಡುತ್ತಿದ್ದೆ. ಅಂಗಡಿಯವರು ಬಂದರೆ ಅವರು ಮೊದಲು ಕೇಳುತ್ತಿದ್ದದ್ದು ‘ಏನ್ ಬರೀಬೇಕು, ಚೀಟೀಲಿ ಬರ್ಕೊಡಿ’. ಚೀಟಿ ನೋಡಿ, ಬಾಯಲ್ಲಿ ಅಕ್ಷರ ಎಣಿಸಿ, ಸುಣ್ಣ ಹಚ್ಚಿದ ದಾರ ಎಳೆದು ತಗಡಿನ ಮೇಲೆ ಎರಡು ಗೆರೆ ಹೊಡೆಯುತ್ತಿದ್ದರು. ಹೆಸರಿನಲ್ಲಿ ಒತ್ತು ಇದ್ದರೆ ಕೆಳಗೆ ಮೂರನೇ ಗೆರೆ. ‘ಲಕ್ಷ್ಮಿ’ ಬಂದರೆ ಆ ಗೆರೆ ಇನ್ನೂ ಸ್ವಲ್ಪ ಕೆಳಗೆ ಇಳಿಯುತ್ತಿತ್ತು. ‘ನೀವು ಬೋರ್ಡ್ ಬರೆದಿಡಿ, ಹೆಸರು ಆಮೇಲೆ ಹೇಳ್ತೀನಿ’ ಅಂತ ಒಬ್ಬರೂ ಅವರಿಗೆ ಹೇಳಿದ್ದು ನನಗೆ ನೆನಪಿಲ್ಲ. ವೆಬ್‌ಸೈಟ್ ವಿಷಯದಲ್ಲಿ ಮಾತ್ರ ಯಾಕೆ ಹಾಗೆ ಹೇಳುತ್ತಾರೋ!

ಹಾಗಂತ ನಕಲು ಮಾಡಲೇಬಾರದು ಅಂತಲ್ಲ. ನಾನು ಕಲಿತದ್ದೇ ನಕಲು ಮಾಡಿ. ಬ್ರೌಸರ್‌ನಲ್ಲಿ ‘ವ್ಯೂ ಸೋರ್ಸ್’ ಒತ್ತಿ, ಬೇರೆಯವರ ಕೋಡ್ ಓದಿ, ಕಂಪ್ಯೂಟರ್‌ಗೆ ಇಳಿಸಿಕೊಂಡು, ಒಂದೊಂದೇ ಸಾಲು ಅಳಿಸಿ ಏನು ಬಿದ್ದುಹೋಗುತ್ತದೆ ಅಂತ ನೋಡಿದ ರಾತ್ರಿಗಳು ಎಷ್ಟೋ. ನಮ್ಮಲ್ಲಿಗೆ ಕೆಲಸ ಕಲಿಯಲು ಬರುವ ಮಕ್ಕಳಿಗೂ ಹಾಗೇ ಮಾಡಿಸುತ್ತೇನೆ. ಮೊದಲ ವಾರ ಒಂದು ಪುಟವನ್ನು ಹಾಗೇ ಕಟ್ಟಬೇಕು. ಎರಡನೇ ವಾರ ಅದೇ ಪುಟಕ್ಕೆ ಅವರ ಮನೆಯವರ ಕಸುಬಿನ ಮಾತು ಹಾಕಬೇಕು. ಎಲ್ಲವೂ ಮುರಿದು ಬೀಳುತ್ತದೆ. ಅವರು ನಿಜವಾಗಿ ಕಲಿಯಲು ಶುರುಮಾಡುವುದು ಅವತ್ತು.

ಅವರಿಗೆ ತಪ್ಪದೆ ತೋರಿಸುವುದು ಸಿಎಸ್ಎಸ್ ಝೆನ್ ಗಾರ್ಡನ್ ಎಂಬ ಸೈಟ್. ಸಿಎಸ್ಎಸ್ ಅಂದರೆ ಪುಟ ಹೇಗೆ ಕಾಣಬೇಕು ಎಂದು ಹೇಳುವ ಕೋಡ್. 2003ರಲ್ಲಿ ಡೇವ್ ಶೇ ಎಂಬ ಡಿಸೈನರ್ ಇದನ್ನು ಶುರುಮಾಡಿದರು. ಪುಟದ ಎಚ್‌ಟಿಎಂಎಲ್ (ಪುಟದ ಹಂದರ ಕಟ್ಟುವ ಕೋಡ್) ಎಲ್ಲರಿಗೂ ಒಂದೇ, ಬರಹವೂ ಒಂದೇ. ಬದಲಿಸಬಹುದಾದದ್ದು ಸಿಎಸ್ಎಸ್ ಮತ್ತು ಚಿತ್ರಗಳು ಮಾತ್ರ. ಅದೇ ಬರಹಕ್ಕೆ 200ಕ್ಕೂ ಹೆಚ್ಚು ರೂಪಗಳು ಬಂದವು, ಒಂದರಂತೆ ಇನ್ನೊಂದಿಲ್ಲ. ಬರಹ ಮೊದಲೇ ಕೈಯಲ್ಲಿದ್ದರೂ ಡಿಸೈನರ್‌ನ ಕೈ ಕಟ್ಟಿದಂತೆ ಆಗಲಿಲ್ಲ, ಅಲ್ವಾ?

‘ಹಾಗಾದ್ರೆ ಕನ್ನಡಕ್ಕೆ ಸಾಲಿನ ಎತ್ತರ ಎಷ್ಟಿಡಬೇಕು, ಒಂದು ನಂಬರ್ ಹೇಳಿ’ ಅಂತ ಹೊಸಬರು ಕೇಳುತ್ತಾರೆ. ಓದುವ ಪಠ್ಯಕ್ಕೆ ನಾನು ಸಾಮಾನ್ಯವಾಗಿ ಅಕ್ಷರದ ಅಳತೆಯ 1.6ರಿಂದ 1.8 ಪಟ್ಟಿನೊಳಗೆ ಶುರುಮಾಡುತ್ತೇನೆ. ಆದರೆ ಇದು ಫಾಂಟ್ ಮೇಲೆ ಹೋಗುತ್ತದೆ. ‘ನೋಟೊ ಸಾನ್ಸ್ ಕನ್ನಡ’ ಎಂಬ ಫಾಂಟಿಗೆ ಸರಿಹೋದದ್ದು ‘ಬಲೂ ತಮ್ಮ’ ಎಂಬ ಫಾಂಟಿಗೆ ಸರಿಹೋಗಲೇಬೇಕು ಅಂತಿಲ್ಲ. ನಿಮ್ಮದೇ ಪದಗಳನ್ನು, ನಿಮ್ಮ ಗಿರಾಕಿಗಳು ಬಳಸುವ ಕಡಿಮೆ ಬೆಲೆಯ ಫೋನಿನಲ್ಲಿ ಇಟ್ಟು ನೋಡಿ. ಬೇರೆ ಸೈಟಿನ ಫೋಟೊ, ಬರಹ ಎತ್ತಿಕೊಳ್ಳುವುದಂತೂ ಖಂಡಿತ ಬೇಡ. ಅದು ಅವರ ಸೊತ್ತು. ವಿನ್ಯಾಸ ಎಷ್ಟು ಹೋಲಬಹುದು ಎನ್ನುವ ಕಾನೂನಿನ ಮಾತನ್ನು ವಕೀಲರ ಹತ್ತಿರವೇ ಕೇಳಿ.

ಕೊಬ್ಬರಿ ವ್ಯಾಪಾರಿಗೆ ಬನ್ನಿ ಎಂದೆ. ಮೊಬೈಲ್ ಒಳಗಿಟ್ಟು ಸುಮ್ನೆ ಮಾತಾಡಿ ಎಂದೆ. ಒಂದು ಗಂಟೆ ಮಾತಾಡಿದರು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರಂತೆ. ಎಂಟು ತಿಂಗಳು, ಕೆಲವು ಸಲ ವರ್ಷ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ತಾನೇ ಬಿಡಿಸಿಕೊಳ್ಳುತ್ತದೆ. ‘ಅಲ್ಲಾಡಿಸಿದ್ರೆ ಗಡಗಡ ಅನ್ಬೇಕು ಮೇಡಂ. ನಮ್ಮಪ್ಪ ಕಿವಿ ಹತ್ರ ಹಿಡಿದೇ ಹೇಳ್ತಾರೆ, ಆಗಿದೆಯೋ ಇಲ್ಲವೋ ಅಂತ.’

ಅಲ್ಲೇ ಸಿಕ್ಕಿತು. ಹೊಸ ಪುಟದಲ್ಲಿ ಅವರ ಅಟ್ಟದ ಫೋಟೊ, ಕೆಳಗೆ ಅದೇ ತಲೆಬರಹ, ಒತ್ತುಗಳಿಗೆ ಧಾರಾಳ ಜಾಗ. ಅದರ ಪಕ್ಕ ಒಂದು ಗುಂಡನೆಯ ಬಟನ್, ‘ಗಡಗಡ ಕೇಳಿ’ ಅಂತ. ಒತ್ತಿದರೆ ಸದ್ದು ಬರುತ್ತದೆ. ಆ ಸದ್ದನ್ನು ಅವರೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರು. ಮೊದಲು ಕಳಿಸಿದ್ದನ್ನು ಸಂಜೆ ವಾಪಸ್ ತೆಗೆಸಿದರು. ಆ ಕಾಯಿ ಇನ್ನೂ ಒಂದು ತಿಂಗಳು ಒಣಗಬೇಕು ಅಂತ ಅವರ ಅಪ್ಪ ಹೇಳಿದರಂತೆ. ಮೂರನೇ ಕಾಯಿಯದ್ದು ಈಗ ಸೈಟಿನಲ್ಲಿದೆ.