ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಬಿಸಿಲನ್ನು ದೂರಬೇಡಿ

ಪ್ರಶ್ನೆ: ನಮ್ಮ ಬೆಕ್ಕು ಮಲಗಿದ್ದಾಗಲೂ ಜೋರಾಗಿ ಉಸಿರಾಡುತ್ತದೆ, ಒಮ್ಮೊಮ್ಮೆ ಬಾಯಿ ತೆರೆದು ತೇಕುತ್ತದೆ. ದಾವಣಗೆರೆ ಬಿಸಿಲಿಗೆ ಇದು ಸಹಜವೇ?

ಉತ್ತರ: ಸಹಜವಲ್ಲ. ಬೇಸಿಗೆ ಬಂತೆಂದರೆ ಇದೇ ಪ್ರಶ್ನೆ, ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತೇನೆ.

ಮೊದಲು ಎಣಿಸಿ. ಬೆಕ್ಕು ನಿದ್ದೆಯಲ್ಲಿರುವಾಗ ಪಕ್ಕೆ ನೋಡಿ, ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ ಸುಮಾರು 16ರಿಂದ 30 ಇದ್ದರೆ ಸರಿ. ಗುರ್‌ಗುರ್ ಅನ್ನುವಾಗ, ಆಟವಾಡಿ ಬಂದ ಕೂಡಲೇ ಎಣಿಸಬೇಡಿ. ಮತ್ತೆ ಮತ್ತೆ ಎಣಿಸಿದರೂ 30 ದಾಟುತ್ತಿದ್ದರೆ ವೈದ್ಯರಿಗೆ ಹೇಳಿ. 40 ದಾಟಿದರೆ ಅಂದೇ ತೋರಿಸಿ.

ಇನ್ನು ಬಿಸಿಲಿನ ಮಾತು. "ನಾಯಿ ನಾಲಿಗೆ ಹೊರಗೆ ಹಾಕಲ್ವಾ, ಬೆಕ್ಕೂ ಹಂಗೇ ಬಿಡ್ರಿ" ಅನ್ನುವುದು ನಮ್ಮ ಕಡೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಬೆಕ್ಕನ್ನು ಆಸ್ಪತ್ರೆಗೆ ತರುವ ಹೊತ್ತಿಗೆ ತಡವಾಗಿರುತ್ತದೆ. ಬೆಕ್ಕು ನಾಯಿಯಲ್ಲ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ತೇಕಿ. ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ, ಆ ಜೊಲ್ಲು ಆರಿದಂತೆ ಮೈ ತಣಿಯುತ್ತದೆ. ಅಂಗಾಲಿನಲ್ಲಿ ಒಂದಿಷ್ಟು ಬೆವರುತ್ತದೆ. ಉಳಿದಂತೆ ನೆರಳು ಹುಡುಕಿ ಕಡಪ ಕಲ್ಲಿನ ಮೇಲೆ ಚಾಚಿಕೊಳ್ಳುತ್ತದೆ. ಮನೆ ಬೆಕ್ಕಿನ ಮೂಲವೇ ಒಣ ನಾಡುಗಳ ಆಫ್ರಿಕನ್ ಕಾಡುಬೆಕ್ಕು, ಸೆಕೆ ಅದಕ್ಕೆ ಹೊಸದಲ್ಲ. ಅಂಥ ಪ್ರಾಣಿ ಸುಮ್ಮನೆ ಕೂತಲ್ಲೇ ಬಾಯಿ ತೆರೆದಿದೆ ಎಂದರೆ ಮೂಗಿನಿಂದ ಎಳೆದ ಗಾಳಿ ಸಾಲುತ್ತಿಲ್ಲ ಎಂದರ್ಥ. ಶ್ವಾಸಕೋಶದ ಸುತ್ತ ನೀರು ತುಂಬಿರಬಹುದು, ಹೃದಯದ ಸ್ನಾಯು ದಪ್ಪಗಾಗಿರಬಹುದು, ಅಸ್ತಮಾ ಅಥವಾ ನ್ಯುಮೋನಿಯಾ ಇರಬಹುದು. ನಿಜವಾಗಿ ಬಿಸಿಲಿನಿಂದಲೇ ಆಗಿದ್ದರೂ ಅದು ಬಿಸಿಲಾಘಾತ, ಜೀವಕ್ಕೇ ಅಪಾಯ. ಹಾಗಾಗಿ "ಬಿಸಿಲಿಗೆ" ಎಂಬ ಉತ್ತರ ಸಮಾಧಾನ ಕೊಡುವಂಥದ್ದಲ್ಲವೇ ಅಲ್ಲ.

ಮರಿ ಹುಚ್ಚಾಪಟ್ಟೆ ಓಡಿ ಒಂದೆರಡು ನಿಮಿಷ ತೇಕಬಹುದು. ಏನೋ ಮೂಸಿ ಕ್ಷಣಕಾಲ ಬಾಯಿ ತೆರೆದು ಮುಖ ಕಿವುಚುವುದು ವಾಸನೆ ಹಿಡಿಯುವ ಪರಿ. ಆದರೆ ಹೊಟ್ಟೆ ಎಳೆದೆಳೆದು ಉಸಿರಾಡುತ್ತಿದ್ದರೆ, ಮುಂಗಾಲು ಅಗಲಿಸಿ ಕತ್ತು ಚಾಚಿ ಕೂತು ಮಲಗಲು ಒಪ್ಪದಿದ್ದರೆ, ವಸಡು ಬಿಳಿಚಿದ್ದರೆ ಇಲ್ಲವೇ ನೀಲಿಯಾಗಿದ್ದರೆ, ತಕ್ಷಣ ಹೊರಡಿ. ಬಾಯಿಗೆ ನೀರು ಹೊಯ್ಯಬೇಡಿ, ಎದೆಗವಚಿ ಹಿಡಿಯಬೇಡಿ. ಗಾಳಿಯಾಡುವ ಬುಟ್ಟಿಯಲ್ಲಿಟ್ಟು ಆಟೋ ಹತ್ತಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರೂ ಬೇಡ, ಬೆಕ್ಕಿಗೆ ಅದು ವಿಷ. ರಕ್ತ ಆಮ್ಲಜನಕ ಹೊರುವುದನ್ನೇ ಕೆಡಿಸುತ್ತದೆ.

ನೀವು ಕೇಳಿಲ್ಲ, ಆದರೂ ಕೆಮ್ಮಿನ ಬಗ್ಗೆ ಹೇಳಿಬಿಡುತ್ತೇನೆ. ಬೆಕ್ಕು ನೆಲಕ್ಕೆ ಕುಗ್ಗಿ, ಕತ್ತು ಮುಂದೆ ಚಾಚಿ ಖೊಕ್ ಖೊಕ್ ಅಂದರೆ "ಕೂದಲು ಸಿಕ್ಕಿದೆ" ಎಂದು ಬಿಟ್ಟುಬಿಡುತ್ತೇವೆ. ಕೂದಲುಂಡೆಯಾದರೆ ಕಕ್ಕಿ ಹೊರಗೆ ಹಾಕುತ್ತದೆ. ಪದೇ ಪದೇ ಕೆಮ್ಮಿಯೂ ಏನೂ ಬಾರದಿದ್ದರೆ ಅಸ್ತಮಾ ಇರಬಹುದು. ಊದುಬತ್ತಿ, ಸೊಳ್ಳೆಬತ್ತಿ, ಬೀಡಿ, ಮಂಡಕ್ಕಿ ಭಟ್ಟಿ, ಯಾವ ಹೊಗೆಯಾದರೂ ಅದನ್ನು ಕೆರಳಿಸುತ್ತದೆ. ಬೆಕ್ಕಿಗೂ ಮಾಸ್ಕ್ ಇಟ್ಟು ಇನ್ಹೇಲರ್ ಕೊಡುತ್ತಾರೆ, ಬಹಳಷ್ಟು ಬೆಕ್ಕುಗಳು ಅದರಲ್ಲೇ ಆರಾಮಾಗಿರುತ್ತವೆ. ಕೆಮ್ಮುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಅದು ಒಂದು ಸಲವೂ ಕೆಮ್ಮದೆ ಕೂತುಬಿಡುತ್ತದೆ.