‘ನಾವು ಓಪನ್’ ಅಂದ್ರೆ ಯಾವ ಓಪನ್?

ಪ್ರಶ್ನೆ: ಓಪನ್ ರಿಲೇಶನ್‌ಶಿಪ್, ಪಾಲಿ, ಸ್ವಿಂಗಿಂಗ್ ಎಲ್ಲ ಒಂದೇನಾ? ಡೇಟಿಂಗ್ ಆ್ಯಪ್‌ನಲ್ಲಿ ‘ಓಪನ್’ ಅಂತಲೇ ಹಾಕಿದ್ದೇನೆ. ಆದರೂ ಭೇಟಿಗೆ ಬಂದವರು ಪ್ರತಿ ಸಲ ಬೇರೇನೋ ಅಂದುಕೊಂಡು ಬಂದಿರುತ್ತಾರೆ. ನನಗೆ ಬೇಕಾದ್ದನ್ನು ಹೇಗೆ ಹೇಳಲಿ?

ಉತ್ತರ: ಒಂದೇ ಅಲ್ಲ. ‘ಓಪನ್’ ಅನ್ನೋದು ‘ಊಟ ಇದೆ ಬನ್ನಿ’ ಅಂದ ಹಾಗೆ. ಮುದ್ದೆ ಸಾರೋ, ಬಾಡೂಟವೋ, ಒಬ್ಬಟ್ಟೋ, ಎಲೆ ಮುಂದೆ ಕೂತ ಮೇಲೇ ಗೊತ್ತಾಗೋದು.

ಸ್ವಿಂಗಿಂಗ್ ಮಾಡುವವರು ಸಾಮಾನ್ಯವಾಗಿ ಜೋಡಿಯಾಗಿಯೇ ಹೋಗುತ್ತಾರೆ. ಹೊರಗೆ ಸೆಕ್ಸ್, ಪ್ರೀತಿ ಮನೆಯಲ್ಲೇ. ಓಪನ್ ಅನ್ನುವವರಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಹೊರಗಿನವರ ಜೊತೆ ಮಲಗಬಹುದು, ಆದರೆ ಮನಸ್ಸು ಕೊಡಬಾರದು ಅನ್ನೋ ಒಪ್ಪಂದ ಬಹಳ ಕಡೆ ಇರುತ್ತದೆ. ಪಾಲಿಯಲ್ಲಿ ಮನಸ್ಸು ಕೊಡೋದೇ ವಿಷಯ, ಒಬ್ಬರಿಗಿಂತ ಜಾಸ್ತಿ ಜನರನ್ನು ಎಲ್ಲರಿಗೂ ತಿಳಿಸಿಯೇ ಪ್ರೀತಿಸೋದು. ಈ ಗೆರೆಗಳೇನೂ ಗಟ್ಟಿ ಅಲ್ಲ, ಜನ ಆಚೆ ಈಚೆ ದಾಟುತ್ತಲೇ ಇರುತ್ತಾರೆ.

ಈ ಮಾತುಗಳೆಲ್ಲ ಹೆಚ್ಚಾಗಿ ಅಮೆರಿಕದಿಂದ ಬಂದವು. ‘ಪಾಲಿ’ಯ ಪೂರ್ತಿ ರೂಪವಾದ ‘ಪಾಲಿಅಮೊರಸ್’ ಅನ್ನೋ ಪದ 1990ರಲ್ಲಿ ಮಾರ್ನಿಂಗ್ ಗ್ಲೋರಿ ಜೆಲ್-ರೇವನ್‌ಹಾರ್ಟ್ ಅನ್ನುವವರು ಬರೆದ ಒಂದು ಲೇಖನದಿಂದ ಹರಡಿತು. ಅರ್ಧ ಗ್ರೀಕ್, ಅರ್ಧ ಲ್ಯಾಟಿನ್ ಸೇರಿಸಿ ಮಾಡಿದ ಪದ. ಅದಕ್ಕೂ ಮೊದಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆರಿಸ್ಟಾ ಅಂತ ಒಂದು ಗುಂಪಿತ್ತು. 1971ರಿಂದ 1991ರವರೆಗೆ ಅವರು ಒಟ್ಟಿಗೆ ಬಾಳಿದರು. ಇವತ್ತು ಯಾರ ಜೊತೆ ಮಲಗೋದು ಅನ್ನೋದಕ್ಕೆ ಸರದಿ ಪಟ್ಟಿಯೇ ಇತ್ತು ಅಂದರೆ ನಂಬ್ತೀರಾ! ಗುಂಪಿನ ಒಳಗೆ ಹಲವರು, ಹೊರಗೆ ಯಾರೂ ಇಲ್ಲ. ಇದಕ್ಕೆ ಅವರಿಟ್ಟ ಹೆಸರು ಪಾಲಿಫಿಡೆಲಿಟಿ. ಅಂದರೆ ಒಬ್ಬ ಮನುಷ್ಯ ಪಾಲಿ ಆಗಿದ್ದೂ ಒಂಚೂರೂ ‘ಓಪನ್’ ಅಲ್ಲದೇ ಇರಬಹುದು. ನಿಮ್ಮ ಭೇಟಿಗಳು ಕೆಡುತ್ತಿರೋದು ಇಂಥ ಜಾಗದಲ್ಲೇ ಇರಬೇಕು.

ಆದರೆ ಹೆಸರಿಗಿಂತ ಜಾಸ್ತಿ ಜಗಳ ಆಗೋದು ಇನ್ನೊಂದು ವಿಷಯಕ್ಕೆ. ನನ್ನ ಸಂಗಾತಿಯ ಇನ್ನೊಬ್ಬ ಸಂಗಾತಿ ನನಗೆ ಏನಾಗಬೇಕು? ಇಂಗ್ಲಿಷಿನವರು ‘ಮೆಟಮೋರ್’ ಅಂತ ಒಂದು ಪದ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಇರೋದು ‘ಸವತಿ’. ಅದು ಹೆಂಗಸರಿಗೆ ಮಾತ್ರ, ಮತ್ತು ಬಾಯಿಗೆ ಬಂದ ಕೂಡಲೇ ಹಿಂದೆಯೇ ಮತ್ಸರವೂ ಬಂದು ನಿಲ್ಲುತ್ತದೆ. ಗಂಡಸಿಗೆ ಅಂತ ಪದವೇ ಇಲ್ಲ, ಯಾಕೆ ಅಂತ ನೀವೇ ಯೋಚಿಸಿ. ಇದಕ್ಕೆ ಪೂರ್ತಿ ಎದುರು ದಿಕ್ಕಿನಲ್ಲಿ ನಿಲ್ಲೋ ಪದವೊಂದನ್ನು ಅದೇ ಕೆರಿಸ್ಟಾದವರು ಕೊಟ್ಟರು, ಕಂಪರ್ಷನ್. ನನ್ನವಳು ಇನ್ನೊಬ್ಬರ ಜೊತೆ ಖುಷಿಯಾಗಿದ್ದಾಳೆ ಅಂತ ನನಗೂ ಆಗೋ ಖುಷಿ. ಹೊಟ್ಟೆಕಿಚ್ಚಿನ ತಲೆಕೆಳಗು ಅನ್ನಿ. ಎಲ್ಲರಿಗೂ ಅದು ಆಗೋದಿಲ್ಲ, ಆಗಲೇಬೇಕು ಅಂತ ಹಟ ಹಿಡಿಯುವವರನ್ನು ಕಂಡರೆ ನನಗೆ ಸ್ವಲ್ಪ ಭಯ.

ಕೆಲವರಿಗೆ ಎಲ್ಲರೂ ಒಂದೇ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುವಷ್ಟು ಸಲಿಗೆ ಬೇಕು. ಇದನ್ನು ‘ಕಿಚನ್ ಟೇಬಲ್ ಪಾಲಿ’ ಅನ್ನುತ್ತಾರೆ. ಇನ್ನು ಕೆಲವರಿಗೆ ‘ಅವರು ಇದ್ದಾರೆ ಅಂತ ಗೊತ್ತು, ಚೆನ್ನಾಗಿರಲಿ, ನನಗೆ ಪರಿಚಯ ಬೇಡ’. ಇದು ‘ಪ್ಯಾರಲಲ್’. ಮತ್ತೆ ಕೆಲವರು ‘ಏನಾದರೂ ಮಾಡ್ಕೋ, ನನಗೆ ಹೇಳಬೇಡ’ ಅನ್ನುತ್ತಾರೆ. ಈ ಮೂರನೆಯದು ಸಲೀಸು ಅನ್ನಿಸುತ್ತದೆ, ನಿಜ. ಆದರೆ ಎದುರಿಗಿರೋ ಹೊಸಬರಿಗೆ, ಆ ಮನೆಯವರು ನಿಜಕ್ಕೂ ಒಪ್ಪಿದ್ದಾರಾ ಅಂತ ತಿಳಿಯೋ ದಾರಿಯೇ ಇರೋದಿಲ್ಲ.

ಆಮೇಲೆ ಜಾಗದ ಲೆಕ್ಕ. ಮೊದಲಿನವರಿಗೆ ಮೊದಲ ಮಣೆ, ಹಬ್ಬ, ರಜೆ, ಆಸ್ಪತ್ರೆಯ ಹಾಸಿಗೆ ಪಕ್ಕದ ಕುರ್ಚಿ ಎಲ್ಲ ಅವರಿಗೇ ಅನ್ನೋ ಶ್ರೇಣಿ ಕೆಲವರಿಗೆ ಬೇಕು. ಸೋಲೋ ಪಾಲಿ ಅನ್ನುವವರಿಗೆ ಪ್ರೀತಿ ಬೇಕು, ಒಂದೇ ಮನೆ, ಜಂಟಿ ಬ್ಯಾಂಕ್ ಖಾತೆ ಬೇಡ. 2006ರ ಹೊತ್ತಿಗೆ ಸ್ವೀಡನ್‌ನಲ್ಲಿ ಆ್ಯಂಡಿ ನಾರ್ಡ್‌ಗ್ರೆನ್ ಹರಡಿದ ‘ರಿಲೇಶನ್‌ಶಿಪ್ ಅನಾರ್ಕಿ’ ಇನ್ನೂ ಮುಂದೆ ಹೋಗುತ್ತದೆ. ಗೆಳೆತನಕ್ಕಿಂತ ಪ್ರೇಮ ಮೇಲು ಅನ್ನೋದನ್ನೇ ಅವರು ಒಪ್ಪೋದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ: ಪ್ರೊಫೈಲ್‌ನಲ್ಲಿ ಹೆಸರು ಹಾಕಿ, ಅದರ ಕೆಳಗೆ ನಿಮ್ಮ ವಾರ ಹೇಗಿರುತ್ತದೆ ಅಂತಲೂ ಬರೆಯಿರಿ. ಹೀಗೆ: ‘ಆರು ವರ್ಷದಿಂದ ಸಂಗಾತಿ ಇದ್ದಾರೆ, ಒಂದೇ ಮನೆ. ಅವರಿಗೆ ಈ ಪ್ರೊಫೈಲ್ ಗೊತ್ತು. ವಾರಕ್ಕೊಂದು ಸಂಜೆ ಕೊಡಬಲ್ಲೆ, ಭಾನುವಾರ ಆಗಲ್ಲ. ಪ್ರೀತಿ ಹುಟ್ಟಿದರೆ ಹೆದರಲ್ಲ. ಮಕ್ಕಳು, ಮದುವೆ ಬೇಡ. ಕಾಂಡೋಮ್ ಇಲ್ಲದೆ ಇಲ್ಲ, ಟೆಸ್ಟ್ ಮಾಡಿಸಿದ್ದೇನೆ, ನೀವೂ ಮಾಡಿಸಿ.’ ಓದಲು ರೊಮ್ಯಾಂಟಿಕ್ ಅಲ್ಲ. ಆದರೆ ಕೆಫೆಗೆ ಬರುವವರು ಸರಿಯಾದ ಊಟಕ್ಕೇ ಬರುತ್ತಾರೆ.

ಬರೆಯುವಾಗ ಒಂದು ಎಚ್ಚರ. ‘ನನಗೆ ಪ್ಯಾರಲಲ್ ಇಷ್ಟ’ ಅನ್ನೋದು ನಿಮ್ಮ ಇಷ್ಟ. ‘ನೀನು ಹುಡುಗಿಯರ ಜೊತೆ ಮಾತ್ರ ಹೋಗಬಹುದು, ಬೇರೆ ಹುಡುಗರ ಜೊತೆ ಇಲ್ಲ’ ಅನ್ನೋದು ಇನ್ನೊಬ್ಬರ ಮೇಲೆ ಹಾಕೋ ನಿಯಮ, ಅದನ್ನು ಇಷ್ಟದ ಬಟ್ಟೆ ತೊಡಿಸಿ ಕಳಿಸಬೇಡಿ. ಗಂಡ ಹೆಂಡತಿ ಸೇರಿ ‘ನಮ್ಮಿಬ್ಬರನ್ನೂ ಸಮವಾಗಿ ಪ್ರೀತಿಸೋ ಹುಡುಗಿ ಬೇಕು’ ಅಂತ ಹುಡುಕೋದೂ ಇದೇ ಜಾತಿಯದು. ಅಂಥ ಹುಡುಗಿಗೆ ಆ ಲೋಕದಲ್ಲಿ ‘ಯೂನಿಕಾರ್ನ್’ (ಕಥೆಯಲ್ಲಿ ಮಾತ್ರ ಇರೋ ಒಂಟಿಕೊಂಬಿನ ಕುದುರೆ) ಅಂತ ಹೆಸರಿಟ್ಟಿರೋದು ಸುಮ್ನೆ ಅಲ್ಲ, ಸಿಗೋದಿಲ್ಲ ಅಂತಲೇ.

ಮದುವೆಯಾಗಿದ್ದರೆ ಅದನ್ನು ಮೊದಲ ಸಾಲಲ್ಲೇ ಹೇಳಿ. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 497ನೇ ಸೆಕ್ಷನ್ ತೆಗೆದುಹಾಕಿದ ಮೇಲೆ ನಮ್ಮಲ್ಲಿ ವ್ಯಭಿಚಾರ ಕ್ರಿಮಿನಲ್ ಅಪರಾಧ ಅಲ್ಲ. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ಇವತ್ತಿಗೂ ಡೈವೋರ್ಸ್‌ಗೆ ಕಾರಣ. ಆ ಕಾಯ್ದೆಯಡಿ ಮದುವೆಯಾದವರು ಮೊದಲ ಮದುವೆ ಇರುವಾಗ ಇನ್ನೊಂದು ಮಾಡಿಕೊಂಡರೆ ಅದು ಅಪರಾಧ, ಮೂವರೂ ಒಪ್ಪಿದ್ದರೂ ಅಷ್ಟೇ.

ಮತ್ತೆ ಭೇಟಿಯ ದಿನ ನೀವೂ ಒಂದು ಪ್ರಶ್ನೆ ಕೇಳಿ: ‘ನೀವು ಇಲ್ಲಿಗೆ ಬಂದಿರೋದು ನಿಮ್ಮ ಮನೆಯಲ್ಲಿ ಗೊತ್ತಾ?’ ‘ಅದೆಲ್ಲ ಈಗ ಯಾಕೆ’ ಅಂತ ಉತ್ತರ ಬಂದರೆ, ಕಾಫಿ ಮುಗಿಸಿ ನಿಮ್ಮ ಬಿಲ್ ಕೊಟ್ಟು ಎದ್ದುಬಿಡಿ.